ಫಾರ್ಮುಲಾ ಆಮೇಲೆ, ಮೊದಲು ಬಾಣ ಹಾಕಿ: ಬಲ, ಬೆಳಕು, ಅಲೆಗಳ ಲೆಕ್ಕ ಬಿಡಿಸುವ ಬಗೆ

ಪಕ್ಕದ ಮನೆಯ ಹುಡುಗಿ ಹತ್ತನೇ ಕ್ಲಾಸು. ಸಂಜೆ ಹೊತ್ತು ವಿಜ್ಞಾನದ ನೋಟ್ಸ್ ಹಿಡಿದು ಬರುತ್ತಾಳೆ. ಪ್ರಶ್ನೆ ಪೂರ್ತಿ ಓದುವ ಮೊದಲೇ ಅವಳು ಕೇಳುವುದು ಒಂದೇ ಮಾತು: “ಆಂಟಿ, ಇದಕ್ಕೆ ಯಾವ ಫಾರ್ಮುಲಾ?”

ಫಾರ್ಮುಲಾ ಅವಳಿಗೆ ಬರುತ್ತದೆ. ನಿದ್ದೆಗಣ್ಣಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತಾಳೆ. ಆದರೂ ಉತ್ತರ ತಪ್ಪು. ಒಂದು ದಿನ ಅವಳ ಹಳೆ ಟೆಸ್ಟ್ ಪೇಪರ್‌ಗಳನ್ನೆಲ್ಲ ನೆಲದ ಮೇಲೆ ಹರಡಿಕೊಂಡು ಕೂತೆವು. ಕೂಡುವ, ಕಳೆಯುವ ತಪ್ಪು ಕಡಿಮೆ. ಜಾಸ್ತಿ ಇದ್ದದ್ದು ದಿಕ್ಕಿನ ತಪ್ಪು. ಬಲ ಯಾವ ಕಡೆಗೆ, ಬೆಳಕು ಯಾವ ಕಡೆಯಿಂದ, ಸದ್ದು ಬರೀ ಹೋಯಿತೋ ಅಥವಾ ಹೋಗಿ ವಾಪಸ್ ಬಂತೋ, ಇಂಥವು. ಅಂದಿನಿಂದ ನಮ್ಮಲ್ಲಿ ಒಂದು ರೂಲು: ಪೆನ್ಸಿಲಿನಲ್ಲಿ ಒಂದು ಬಾಣ ಹಾಕದೆ ಫಾರ್ಮುಲಾ ಬರೆಯುವ ಹಾಗಿಲ್ಲ.

ಒಂಬತ್ತು, ಹತ್ತನೇ ಕ್ಲಾಸಿನವರಿಗೆ, ಈಗಷ್ಟೇ ಪಿಯುಸಿಗೆ ಕಾಲಿಟ್ಟವರಿಗೆ ಈ ಬಾಣದ ರೂಲನ್ನು ಒಂದೊಂದಾಗಿ ಹೇಳುತ್ತೇನೆ. ಪಕ್ಕದಲ್ಲಿ ಪೆನ್ಸಿಲ್ ಇಟ್ಟುಕೊಂಡೇ ಓದಿ.

ಶುರು ಮಾಡುವ ಮುಂಚೆ

ಪ್ರಶ್ನೆಯಲ್ಲಿ ಕೊಟ್ಟಿದ್ದನ್ನು ಎಡಗಡೆ ಒಂದರ ಕೆಳಗೊಂದು ಬರೆಯಿರಿ. ಪಕ್ಕದಲ್ಲೇ ಯೂನಿಟ್. ಕಿಲೋಮೀಟರ್‌ನಲ್ಲಿ ಕೊಟ್ಟಿದ್ದರೆ ಮೀಟರ್, ಗ್ರಾಂನಲ್ಲಿ ಕೊಟ್ಟಿದ್ದರೆ ಕಿಲೋಗ್ರಾಂ, ಅಲ್ಲೇ ಬದಲಾಯಿಸಿಬಿಡಿ. ಆಮೇಲೆ ಮಾಡೋಣ ಅಂದರೆ ಮರೆಯುತ್ತದೆ. ಗಂಟೆಗೆ ಕಿಲೋಮೀಟರ್ ಇರುವುದನ್ನು ಸೆಕೆಂಡಿಗೆ ಮೀಟರ್ ಮಾಡಲು 5/18ರಿಂದ ಗುಣಿಸಬೇಕು. ಪ್ರಶ್ನೆ ತೆಗೆಯುವವರು ಹೆಚ್ಚಾಗಿ 18ರ ಮಗ್ಗಿಯಲ್ಲೇ ಕೊಡುತ್ತಾರೆ, ಅದು ಅವರ ಕರುಣೆ. 18 ಅಂದರೆ 5, 36 ಅಂದರೆ 10, 54 ಅಂದರೆ 15, 72 ಅಂದರೆ 20. ಈ ನಾಲ್ಕು ಬಾಯಿಪಾಠ ಇದ್ದರೆ ಸಾಕು.

ಬಲ: ಯಾರು, ಯಾರನ್ನು, ಯಾವ ಕಡೆಗೆ

ಬಲದ ಬಾಣ ಹಾಕುವಾಗ ಪಕ್ಕದಲ್ಲಿ ಒಂದು ಪುಟ್ಟ ವಾಕ್ಯ ಬರೆಯಬೇಕು. “ಭೂಮಿ ಚೆಂಡನ್ನು ಎಳೆಯುತ್ತದೆ”, “ರಸ್ತೆ ಟೈರನ್ನು ತಳ್ಳುತ್ತದೆ”, ಹೀಗೆ. ವಾಕ್ಯದಲ್ಲಿ ಇಬ್ಬರು ಇರಲೇಬೇಕು, ಬಲ ಹಾಕುವವರು ಮತ್ತು ಹಾಕಿಸಿಕೊಳ್ಳುವವರು. ಹಾಕುವವರು ಯಾರು ಅಂತ ಹೇಳಲು ಬರದಿದ್ದರೆ ಆ ಬಾಣ ಸುಳ್ಳು ಬಾಣ. ಅಳಿಸಿಹಾಕಿ.

ಒಂದು ಪರೀಕ್ಷೆ ಮಾಡೋಣ. ಕ್ರಿಕೆಟ್ ಚೆಂಡನ್ನು ನೇರ ಮೇಲಕ್ಕೆ ಎಸೆದಿರಿ. ಅದು ಇನ್ನೂ ಮೇಲೆ ಹೋಗುತ್ತಿದೆ. ಈಗ ಅದರ ಮೇಲೆ ಯಾವ್ಯಾವ ಬಲ ಇದೆ? ಗಾಳಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದು ಬೇಡ. ಹತ್ತರಲ್ಲಿ ಎಂಟು ಮಕ್ಕಳು ಎರಡು ಬಾಣ ಹಾಕುತ್ತಾರೆ: ಮೇಲಕ್ಕೊಂದು, ಕೆಳಕ್ಕೊಂದು. ಮೇಲಿನ ಬಾಣಕ್ಕೆ ವಾಕ್ಯ ಬರೆಯಿರಿ ನೋಡೋಣ. “ಕೈ ಚೆಂಡನ್ನು ತಳ್ಳುತ್ತದೆ” ಅಂತೀರಾ? ಕೈ ಆಗಲೇ ಬಿಟ್ಟಾಯಿತಲ್ಲ. ಮತ್ತೆ ಯಾರು ತಳ್ಳುತ್ತಿದ್ದಾರೆ? ಯಾರೂ ಇಲ್ಲ. ಇರುವುದು ಕೆಳಗಿನ ಒಂದೇ ಬಾಣ. ಚೆಂಡು 160 ಗ್ರಾಂ ಇದ್ದರೆ 0.16 × 9.8, ಸುಮಾರು 1.6 ನ್ಯೂಟನ್. (9.8 ಅನ್ನುವುದು ಗುರುತ್ವದ ವೇಗೋತ್ಕರ್ಷ, ಅಂದರೆ ಸೆಕೆಂಡಿಗೆ ವೇಗ ಬದಲಾಗುವ ಪ್ರಮಾಣ.) ಮೇಲೆ ಹೋಗುವಾಗಲೂ ಅಷ್ಟೇ, ಕೆಳಗೆ ಬರುವಾಗಲೂ ಅಷ್ಟೇ. ತುತ್ತತುದಿಯಲ್ಲಿ ಒಂದು ಕ್ಷಣ ವೇಗ ಸೊನ್ನೆ ಆದಾಗಲೂ ಅಷ್ಟೇ. ಆ ತುದಿಯಲ್ಲಿ ವೇಗೋತ್ಕರ್ಷ ಎಷ್ಟು ಅಂತ ಕೇಳಿದರೆ ಸೊನ್ನೆ ಅಂತ ಬರೆದು ಬರಬೇಡಿ. 9.8, ಕೆಳಮುಖವಾಗಿ. ಸೊನ್ನೆ ಆಗಿದ್ದರೆ ಚೆಂಡು ಅಲ್ಲೇ ನೇತಾಡುತ್ತಿತ್ತು!

ಚೆಂಡು ಮೇಲೆ ಹೋಗುತ್ತಿದೆ, ಸರಿ. ಆದರೆ ಹೋಗುವ ದಿಕ್ಕು ಬೇರೆ, ಬಲದ ದಿಕ್ಕು ಬೇರೆ. ಈ ಗೊಂದಲ ನಿಮ್ಮೊಬ್ಬರದ್ದಲ್ಲ. ಗೆಲಿಲಿಯೋ, ನ್ಯೂಟನ್ ಬರುವ ತನಕ ದೊಡ್ಡ ದೊಡ್ಡವರೂ ಇಲ್ಲೇ ಎಡವಿದ್ದರು.

ಇನ್ನು ನ್ಯೂಟನ್ನನ ಮೂರನೇ ನಿಯಮ. ಕ್ರಿಯೆಗೆ ಸಮಾನ ಮತ್ತು ವಿರುದ್ಧ ಪ್ರತಿಕ್ರಿಯೆ. ಹೇಳಲು ಬಲು ಸುಲಭ, ಜೋಡಿ ಹುಡುಕುವುದು ಕಷ್ಟ. ಮೇಜಿನ ಮೇಲೆ ಪುಸ್ತಕ ಇದೆ. ಪುಸ್ತಕದ ತೂಕ ಕೆಳಕ್ಕೆ, ಮೇಜು ತಳ್ಳುವುದು ಮೇಲಕ್ಕೆ. ಎರಡೂ ಸಮ, ಎದುರುಬದುರು. ಹಾಗಾದರೆ ಇದೇ ಕ್ರಿಯೆ-ಪ್ರತಿಕ್ರಿಯೆ ಜೋಡಿ, ಅಲ್ವಾ? ಅಲ್ಲ.

ಇಲ್ಲಿ ಕನ್ನಡ ವ್ಯಾಕರಣವೇ ಸಹಾಯಕ್ಕೆ ಬರುತ್ತದೆ. ವಾಕ್ಯದಲ್ಲಿ ಕರ್ತೃ ಮತ್ತು ಕರ್ಮವನ್ನು ಅದಲು ಬದಲು ಮಾಡಿ. “ಭೂಮಿ ಪುಸ್ತಕವನ್ನು ಎಳೆಯುತ್ತದೆ.” ತಿರುಗಿಸಿದರೆ “ಪುಸ್ತಕ ಭೂಮಿಯನ್ನು ಎಳೆಯುತ್ತದೆ.” ಇದು ಸರಿಯಾದ ಜೋಡಿ. “ಮೇಜು ಪುಸ್ತಕವನ್ನು ತಳ್ಳುತ್ತದೆ”, ಇದರ ಜೋಡಿ “ಪುಸ್ತಕ ಮೇಜನ್ನು ತಳ್ಳುತ್ತದೆ.” ಹೆಸರುಗಳು ಜಾಗ ಬದಲಿಸುತ್ತವೆ, ಕ್ರಿಯಾಪದ ಹಾಗೇ ಉಳಿಯುತ್ತದೆ. ಎಳೆಯುವುದಕ್ಕೆ ತಳ್ಳುವುದು ಜೋಡಿ ಆಗಲಾರದು. ಜೋಡಿಯ ಎರಡು ಬಲ ಯಾವತ್ತೂ ಎರಡು ಬೇರೆ ಬೇರೆ ವಸ್ತುಗಳ ಮೇಲೆ ಇರುತ್ತವೆ. ಅದಕ್ಕೇ ಅವು ಒಂದನ್ನೊಂದು ಹೊಡೆದುಹಾಕುವುದಿಲ್ಲ. ಹಂಪಿಯಲ್ಲಿ ಹರಿಗೋಲಿನಿಂದ ದಡಕ್ಕೆ ಕಾಲಿಡುವಾಗ ಹರಿಗೋಲು ಹಿಂದಕ್ಕೆ ಜಾರುತ್ತದೆ. ನಿಮ್ಮ ಕಾಲು ಹರಿಗೋಲನ್ನು ತಳ್ಳಿತು, ಹರಿಗೋಲು ನಿಮ್ಮ ಕಾಲನ್ನು ತಳ್ಳಿತು. ಲೆಕ್ಕ ಚುಕ್ತಾ.

ಅಂಕಿ ಇರುವ ಲೆಕ್ಕ ಒಂದನ್ನು ನೋಡೋಣ. ಜನರೆಲ್ಲ ಸೇರಿ 10,000 ಕಿಲೋಗ್ರಾಂ ಇರುವ ಬಸ್ಸು. ಗಂಟೆಗೆ 54 ಕಿಲೋಮೀಟರ್ ಓಡುತ್ತಿದೆ. ಡ್ರೈವರ್ ಬ್ರೇಕ್ ಹಾಕಿದ, 5 ಸೆಕೆಂಡಿನಲ್ಲಿ ನಿಂತಿತು. ಬಲ ಎಷ್ಟು?

ಬಸ್ಸು ಹೋಗುವ ಕಡೆಗೆ ಬಾಣ ಹಾಕಿ, ಅದನ್ನು ಪ್ಲಸ್ ಅನ್ನಿ. 54 ಅಂದರೆ ಸೆಕೆಂಡಿಗೆ 15 ಮೀಟರ್. ಕೊನೆಯ ವೇಗ ಸೊನ್ನೆ. ವೇಗೋತ್ಕರ್ಷ (0 − 15)/5, ಅಂದರೆ −3. ಬಲ = ದ್ರವ್ಯರಾಶಿ × ವೇಗೋತ್ಕರ್ಷ = 10,000 × (−3) = −30,000 ನ್ಯೂಟನ್. ಈ ಮೈನಸ್ ನೋಡಿ ಹೆದರಿ ಅಳಿಸುವವರಿದ್ದಾರೆ. ಅಳಿಸಬೇಡಿ, ಅದಕ್ಕೇ ಮಾರ್ಕ್ಸು. ಬಲ ಹಿಂದಕ್ಕೆ ಇದೆ ಅಂತ ಅದು ಹೇಳುತ್ತಿದೆ. ವಾಕ್ಯ ಬರೆದರೆ: “ರಸ್ತೆ ಟೈರನ್ನು ಹಿಂದಕ್ಕೆ ತಳ್ಳುತ್ತದೆ.” ಬ್ರೇಕ್ ಚಕ್ರವನ್ನು ಹಿಡಿಯುತ್ತದೆ ಅಷ್ಟೇ, ಬಸ್ಸನ್ನು ನಿಲ್ಲಿಸುವುದು ರಸ್ತೆಯ ಘರ್ಷಣೆ. ಮಳೆಯಲ್ಲಿ ರಸ್ತೆ ನುಣ್ಣಗಾದರೆ ಬ್ರೇಕ್ ಎಷ್ಟೇ ಚೆನ್ನಾಗಿದ್ದರೂ ಬಸ್ಸು ಜಾರುವುದು ಇದಕ್ಕೇ.

ಆ ಹೊತ್ತಿಗೆ ನಿಂತಿದ್ದವರು ಮುಂದಕ್ಕೆ ಮುಗ್ಗರಿಸುತ್ತಾರಲ್ಲ, ಅವರನ್ನು ಯಾರು ತಳ್ಳಿದರು? ಯಾರೂ ಇಲ್ಲ. ಬಸ್ಸು ನಿಧಾನ ಆಯಿತು, ಅವರ ಮೈ ಇನ್ನೂ ಹಳೇ ವೇಗದಲ್ಲೇ ಇತ್ತು. ಜಡತ್ವ ಅಂದರೆ ಇದೇ.

ದ್ರವ್ಯರಾಶಿ ಮತ್ತು ತೂಕದ ಬಗ್ಗೆ ಒಂದೇ ಮಾತು. ಅಂಗಡಿಯಲ್ಲಿ 25 ಕಿಲೋ ಅಕ್ಕಿ ಮೂಟೆಯ ತೂಕ 25 ಕಿಲೋ ಅನ್ನಿ, ಯಾರೂ ಏನೂ ಅನ್ನಲ್ಲ. ಪರೀಕ್ಷೆಯಲ್ಲಿ 25 × 9.8 = 245 ನ್ಯೂಟನ್ ಅನ್ನಿ.

ಬೆಳಕು: ಅಜ್ಜಿಯ ಕನ್ನಡಕ ತನ್ನಿ

ದರ್ಪಣ, ಮಸೂರ ಅಂದ ಕೂಡಲೇ ಮಕ್ಕಳಿಗೆ ಕಾಡುವುದು ಪ್ಲಸ್ ಮೈನಸ್. ಅದಕ್ಕೆ ಉದ್ದದ ಪಟ್ಟಿ ಬಾಯಿಪಾಠ ಮಾಡುತ್ತಾರೆ. ಬೇಕಿಲ್ಲ. ಮೊದಲು ಬೆಳಕು ಬರುವ ದಿಕ್ಕಿಗೆ ಎಡದಿಂದ ಬಲಕ್ಕೆ ಒಂದು ಬಾಣ ಹಾಕಿ. ದರ್ಪಣ ಅಥವಾ ಮಸೂರ ಇರುವ ಜಾಗ ಸೊನ್ನೆ. ಬಾಣದ ದಿಕ್ಕಿಗೆ ಅಳೆದರೆ ಪ್ಲಸ್, ಎದುರು ದಿಕ್ಕಿಗೆ ಅಳೆದರೆ ಮೈನಸ್. ಇಷ್ಟೇ.

ವಸ್ತು ಎಡಗಡೆ ಇರುತ್ತದೆ, ಹಾಗಾಗಿ ವಸ್ತುದೂರ ಮೈನಸ್. ನಿಮ್ನ (ಒಳಕ್ಕೆ ತಗ್ಗಿದ) ದರ್ಪಣದ ಸಂಗಮಬಿಂದು, ಅಂದರೆ ದೂರದಿಂದ ಬಂದ ಬೆಳಕು ಕೂಡುವ ಜಾಗ, ಅದರ ಮುಂದೆ, ಅಂದರೆ ಎಡಗಡೆ, ಅದೂ ಮೈನಸ್. ಪೀನ (ಹೊರಕ್ಕೆ ಉಬ್ಬಿದ) ದರ್ಪಣದ್ದು ಹಿಂದೆ, ಪ್ಲಸ್. ಪೀನ ಮಸೂರ ಬೆಳಕನ್ನು ಆಚೆ ಬದಿಗೆ ಕೂಡಿಸುತ್ತದೆ, ಪ್ಲಸ್. ಪಟ್ಟಿ ಬಾಯಿಪಾಠ ಮಾಡದೆಯೇ ಬಂತು.

ಸೂತ್ರ ಎರಡು. ಸಂಗಮದೂರ ಎಫ್, ವಸ್ತುದೂರ ಯು, ಪ್ರತಿಬಿಂಬದೂರ ವಿ. ದರ್ಪಣಕ್ಕೆ 1/ಎಫ್ = 1/ವಿ + 1/ಯು. ಮಸೂರಕ್ಕೆ 1/ಎಫ್ = 1/ವಿ − 1/ಯು. ಇವನ್ನು ಅದಲು ಬದಲು ಮಾಡುವುದು ಇನ್ನೊಂದು ಮಾಮೂಲಿ ಎಡವಟ್ಟು.

ನಿಮ್ನ ದರ್ಪಣ, ಸಂಗಮದೂರ 15 ಸೆಂಟಿಮೀಟರ್. ವಸ್ತು 10 ಸೆಂಟಿಮೀಟರ್ ದೂರದಲ್ಲಿ. ಎಫ್ = −15, ಯು = −10. ಹಾಗಾಗಿ 1/ವಿ = −1/15 + 1/10 = 1/30. ವಿ = +30. ಪ್ಲಸ್ ಬಂತು, ಅಂದರೆ ಪ್ರತಿಬಿಂಬ ಕನ್ನಡಿಯ ಹಿಂದೆ. ಮಿಥ್ಯ ಪ್ರತಿಬಿಂಬ. ವರ್ಧನೆ −ವಿ/ಯು = −30/−10 = +3. ನೇರವಾಗಿ, ಮೂರು ಪಟ್ಟು ದೊಡ್ಡದಾಗಿ ಕಾಣುತ್ತದೆ. ಮುಖ ದೊಡ್ಡದಾಗಿ ಕಾಣುವ ಶೇವಿಂಗ್ ಕನ್ನಡಿ ಕೆಲಸ ಮಾಡುವುದು ಹೀಗೆ. ಈಗ ಎಫ್‌ಗೆ ಮಾತ್ರ ಮೈನಸ್ ಹಾಕಿ, ಯುಗೆ ಮರೆತು ನೋಡಿ. ವಿ = −6 ಬರುತ್ತದೆ. ಪ್ರತಿಬಿಂಬ ಕನ್ನಡಿಯ ಮುಂದೆ, ಅದೂ ಚಿಕ್ಕದು! ಒಂದು ಗೆರೆ ಬಿಟ್ಟಿದ್ದಕ್ಕೆ ಇಡೀ ಉತ್ತರ ಉಲ್ಟಾ.

ಸೂತ್ರದಲ್ಲಿ ನಂಬಿಕೆ ಬರಬೇಕಾದರೆ ಒಮ್ಮೆ ಕೈಯಾರೆ ಅಳೆಯಬೇಕು. ಲ್ಯಾಬ್ ಬೇಡ. ಮನೆಯಲ್ಲಿ ಯಾರದ್ದಾದರೂ ಓದುವ ಕನ್ನಡಕ ಇರುತ್ತದೆ. ನಮಗೆ ಸಿಕ್ಕಿದ್ದು ಅವಳ ಅಜ್ಜಿಯದ್ದು, +2 ಪವರ್. ಪವರ್ ಅಂದರೆ ಮೀಟರ್‌ನಲ್ಲಿರುವ ಸಂಗಮದೂರದ ತಲೆಕೆಳಗು. 1/2 ಅಂದರೆ ಅರ್ಧ ಮೀಟರ್, 50 ಸೆಂಟಿಮೀಟರ್ ಬರಬೇಕು.

ಹಗಲು ಹೊತ್ತು, ಲೈಟ್ ಆರಿಸಿದೆವು. ಕಿಟಕಿಯ ಎದುರು ಗೋಡೆಗೆ ಒಂದು ಬಿಳಿ ಹಾಳೆ ಅಂಟಿಸಿದೆವು. ಅವಳು ಕನ್ನಡಕವನ್ನು ಗೋಡೆಗೆ ಹತ್ತಿರ ಹಿಡಿದು ನಿಧಾನವಾಗಿ ಹಿಂದಕ್ಕೆ ತಂದಳು. ಮೊದಲು ಮಸುಕು ಬೆಳಕು. ಆಮೇಲೆ ಇದ್ದಕ್ಕಿದ್ದಂತೆ ಕಿಟಕಿ ಸರಳುಗಳು ಹಾಳೆಯ ಮೇಲೆ ಮೂಡಿದವು. ಸರಳಿಗೆ ಸಿಕ್ಕಿಸಿದ್ದ ಛತ್ರಿ ತಲೆಕೆಳಗಾಗಿ ಕಂಡಿತು. ಟೇಪ್ ಹಿಡಿದು ಅಳೆದರೆ 60 ಸೆಂಟಿಮೀಟರ್!

“ಅಜ್ಜಿ ಕನ್ನಡಕ ಸರಿ ಇಲ್ಲ ಆಂಟಿ,” ಅಂದಳು. ಕನ್ನಡಕ ಸರಿಯಾಗೇ ಇತ್ತು. ಕಿಟಕಿ ಹತ್ತಿರ ಇತ್ತು ಅಷ್ಟೇ. ಕನ್ನಡಕದಿಂದ ಕಿಟಕಿಗೆ 3 ಮೀಟರ್. ಬೆಳಕು ಸಂಗಮಬಿಂದುವಿನಲ್ಲೇ ಕೂಡಬೇಕಾದರೆ ವಸ್ತು ತುಂಬಾ ದೂರ ಇರಬೇಕು. ಸರಿ, ಸೂತ್ರಕ್ಕೆ ಹಾಕಿದೆವು. ಯು = −300, ವಿ = +60. 1/ಎಫ್ = 1/60 + 1/300 = 6/300. ಎಫ್ = 50. ಅವಳು ಎರಡು ಸಲ ಕೂಡಿಸಿ ನೋಡಿದಳು. ಆಮೇಲೆ ಕಿಟಕಿಯಾಚೆ ರಸ್ತೆಯ ಕೊನೆಗಿದ್ದ ತೆಂಗಿನ ಮರದ ಚಿತ್ರ ಹಾಳೆಗೆ ಬರುವ ಹಾಗೆ ಕನ್ನಡಕವನ್ನು ಗೋಡೆ ಕಡೆ ಸರಿಸಿದಳು. ಟೇಪಿನಲ್ಲಿ 50ರ ಹತ್ತಿರವೇ ಬಂತು. ಅಜ್ಜಿ ಪೇಪರ್ ಓದಲು ಕನ್ನಡಕ ಹುಡುಕುತ್ತಾ ಬಂದಿದ್ದರಿಂದ ಪ್ರಯೋಗ ಅಲ್ಲಿಗೇ ನಿಂತಿತು.

ಮೈನಸ್ ಪವರ್ ಕನ್ನಡಕದಲ್ಲಿ ಇದನ್ನು ಮಾಡಲು ಹೋದರೆ ಹಾಳೆಯ ಮೇಲೆ ಏನೂ ಮೂಡುವುದಿಲ್ಲ. ಅದು ಬೆಳಕನ್ನು ಹರಡುತ್ತದೆ, ಕೂಡಿಸುವುದಿಲ್ಲ. ಅದೂ ಒಂದು ಪಾಠವೇ. ಒಂದು ಎಚ್ಚರಿಕೆ: ಯಾವ ಮಸೂರದಲ್ಲೂ ಸೂರ್ಯನನ್ನು ನೋಡಬೇಡಿ. ಕಣ್ಣು ಹೋಗುತ್ತದೆ.

ವಕ್ರೀಭವನದ, ಅಂದರೆ ಮಾಧ್ಯಮ ಬದಲಾದಾಗ ಬೆಳಕು ಬಾಗುವ ಪ್ರಶ್ನೆಗಳಲ್ಲಿ ಬಾಣಕ್ಕಿಂತ ಮೊದಲು ಲಂಬ ಎಳೆಯಿರಿ. ಕೋನ ಅಳೆಯುವುದು ಲಂಬದಿಂದ, ಗಾಜಿನ ಮೇಲ್ಮೈಯಿಂದ ಅಲ್ಲ. ಗಾಳಿಯಿಂದ ನೀರಿಗೋ ಗಾಜಿಗೋ ಹೋದರೆ ಬೆಳಕು ನಿಧಾನ ಆಗುತ್ತದೆ, ಲಂಬದ ಕಡೆಗೆ ಬಾಗುತ್ತದೆ. ಹೊರಗೆ ಬಂದರೆ ಲಂಬದಿಂದ ದೂರ. ಗಾಳಿಯಲ್ಲಿ ಬೆಳಕಿನ ವೇಗ ಸೆಕೆಂಡಿಗೆ ಸುಮಾರು 30 ಕೋಟಿ ಮೀಟರ್. 1.5 ವಕ್ರೀಭವನ ಸೂಚ್ಯಂಕದ (ಬೆಳಕು ಎಷ್ಟು ಪಟ್ಟು ನಿಧಾನ ಆಗುತ್ತದೆ ಅನ್ನುವ ಅಂಕಿ) ಗಾಜಿನಲ್ಲಿ ಅದು 20 ಕೋಟಿ.

ಇದನ್ನು ನೋಡಲು ಒಂದು ಸ್ಟೀಲ್ ಬಟ್ಟಲು, ಒಂದು ರೂಪಾಯಿ ನಾಣ್ಯ ಸಾಕು. ನಾಣ್ಯ ತಳದಲ್ಲಿಟ್ಟು, ಅಂಚಿನ ಮರೆಯಲ್ಲಿ ಅದು ಕಾಣದಾಗುವ ತನಕ ಹಿಂದೆ ಸರಿಯಿರಿ. ತಲೆ ಅಲ್ಲಾಡಿಸದೆ ನಿಲ್ಲಿ. ಇನ್ನೊಬ್ಬರು ಮೆಲ್ಲಗೆ ನೀರು ಸುರಿಯಲಿ. ನಾಣ್ಯ ಎದ್ದು ಬಂದ ಹಾಗೆ ಕಾಣುತ್ತದೆ. ನೀರಿನ ಸೂಚ್ಯಂಕ 1.33. ನೇರ ಮೇಲಿನಿಂದ ನೋಡಿದರೆ 4 ಅಡಿ ಆಳ 3 ಅಡಿಯ ಹಾಗೆ ಕಾಣುತ್ತದೆ. ಕೆರೆ, ಕಲ್ಯಾಣಿಯಲ್ಲಿ ತಳ ಕಾಣುತ್ತದೆ ಅಂತ ಇಳಿಯುವವರು ಈ ಲೆಕ್ಕ ನೆನಪಿಟ್ಟುಕೊಂಡರೆ ಒಳ್ಳೆಯದು.

ಅಲೆ: ಹೋಗುವುದು ಯಾವುದು, ಉಳಿಯುವುದು ಯಾವುದು

ಇಲ್ಲಿ ಎರಡು ಬಾಣ ಬೇಕು. ತೊಟ್ಟಿಯ ನೀರಿನ ಮೇಲೆ ಒಂದು ಎಲೆ ಬಿಟ್ಟು, ದೂರದಲ್ಲಿ ಬೆರಳು ಅದ್ದಿ. ಅಲೆ ಎಲೆಯನ್ನು ದಾಟಿ ಗೋಡೆಗೆ ಹೋಯಿತು. ಎಲೆ? ಹೆಚ್ಚುಕಡಿಮೆ ಅಲ್ಲೇ ಕುಣಿಯುತ್ತಿದೆ. ಅಲೆ ಹೋಗುವ ಕಡೆಗೆ ಒಂದು ಬಾಣ, ಕಣ ಅಲ್ಲಾಡುವ ಕಡೆಗೆ ಇನ್ನೊಂದು. ಎರಡೂ ಅಡ್ಡಡ್ಡ ಇದ್ದರೆ ಅಡ್ಡ ತರಂಗ, ಹಗ್ಗ ಕುಲುಕಿದಾಗ ಆಗುವ ಹಾಗೆ. ಎರಡೂ ಒಂದೇ ಗೆರೆಯಲ್ಲಿದ್ದರೆ ನೀಳ ತರಂಗ, ಗಾಳಿಯಲ್ಲಿ ಶಬ್ದ ಹೋಗುವ ಹಾಗೆ.

ಸೂತ್ರ ಒಂದೇ: ವೇಗ = ಆವೃತ್ತಿ × ತರಂಗದೂರ. ಆವೃತ್ತಿ ಅಂದರೆ ಸೆಕೆಂಡಿಗೆ ಎಷ್ಟು ಅಲೆ, ತರಂಗದೂರ ಅಂದರೆ ಒಂದು ಅಲೆಯ ಉದ್ದ. ಅಂಕಿಗಳ ಜೊತೆ ಆಡಲು ರೇಡಿಯೋ ಒಳ್ಳೆಯದು. ಬೆಂಗಳೂರು ಆಕಾಶವಾಣಿ ಮಧ್ಯಮ ತರಂಗದಲ್ಲಿ 612 ಕಿಲೋಹರ್ಟ್ಸ್. 30 ಕೋಟಿಯನ್ನು 6,12,000ದಿಂದ ಭಾಗಿಸಿ. ಒಂದೊಂದು ಅಲೆಯೂ ಸುಮಾರು 490 ಮೀಟರ್ ಉದ್ದ, ಒಂದು ದೊಡ್ಡ ಬೀದಿಯಷ್ಟು! ಎಫ್‌ಎಂ ರೇನ್‌ಬೋ 101.3 ಮೆಗಾಹರ್ಟ್ಸ್, ಅಲೆ 3 ಮೀಟರಿಗೆ ಸ್ವಲ್ಪ ಕಡಿಮೆ. ಕಿಲೋ ಅಂದರೆ ಸಾವಿರ, ಮೆಗಾ ಅಂದರೆ ಹತ್ತು ಲಕ್ಷ. ಇದನ್ನು ತಪ್ಪಿದರೆ ಉತ್ತರ ಸಾವಿರ ಪಟ್ಟು ಹಾರಿಹೋಗುತ್ತದೆ. ಅಂದ ಹಾಗೆ, ಆಕಾಶವಾಣಿ ಅನ್ನುವ ಹೆಸರು ನಮ್ಮ ಮೈಸೂರಿನದು. ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿ 1935ರಲ್ಲಿ ತಮ್ಮ ಮನೆಯಲ್ಲೇ ಶುರು ಮಾಡಿದ ಬಾನುಲಿಯ ಹೆಸರದು.

ಜೋರಾಗಿ ಕೂಗಿದರೆ ಸದ್ದು ಬೇಗ ಹೋಗುತ್ತದಾ? ಈ ಪ್ರಶ್ನೆ ಸುಮಾರು ಸಲ ಬರುತ್ತದೆ. ಇಲ್ಲ. ಜೋರು ಅನ್ನುವುದು ಪಾರಕ್ಕೆ (ಕಣ ಎಷ್ಟು ದೂರ ಅಲ್ಲಾಡುತ್ತದೆ ಅನ್ನುವುದಕ್ಕೆ) ಸಂಬಂಧಿಸಿದ್ದು, ಕೀರಲು ಅಥವಾ ಗಡಸು ಅನ್ನುವುದು ಆವೃತ್ತಿಗೆ. ವೇಗ ಯಾವ ಮಾಧ್ಯಮ, ಎಷ್ಟು ಬಿಸಿ ಇದೆ ಅನ್ನುವುದರ ಮೇಲೆ ನಿಂತಿದೆ. ತಬಲಾ, ಮೃದಂಗಗಳ ಚರ್ಮದ ನಡುವೆ ಹಚ್ಚುವ ಕಪ್ಪು ಕರಣೆ ಸುಮ್ನೆ ಚೆಂದಕ್ಕಲ್ಲ. ಆ ಭಾರದಿಂದಲೇ ಚರ್ಮ ಶ್ರುತಿಗೆ ಹೊಂದುವ ಆವೃತ್ತಿಗಳಲ್ಲಿ ಅಲುಗುತ್ತದೆ. ಸಿ.ವಿ. ರಾಮನ್ ಇದರ ಬಗ್ಗೆ 1920ರಲ್ಲೇ ಬರೆದಿದ್ದರು, ರಾಮನ್ ಪರಿಣಾಮಕ್ಕಿಂತ 8 ವರ್ಷ ಮೊದಲು.

ಕೊನೆಗೆ ಪ್ರತಿಧ್ವನಿ. ನಾನೇ ಹತ್ತನೇ ಕ್ಲಾಸಿನ ಪರೀಕ್ಷೆಯಲ್ಲಿ ಎರಡು ಮಾರ್ಕ್ಸ್ ಕಳೆದುಕೊಂಡ ಜಾಗ ಇದು. ಬಂಡೆಯ ದೂರ ಕೇಳಿದ್ದರು, ಹೋಗಿ ಬಂದ ದೂರ ಬರೆದು ಬಂದಿದ್ದೆ. ಬಾಣ ಹಾಕಿದ್ದರೆ ಎರಡು ಬಾಣ ಕಾಣುತ್ತಿತ್ತು, ಅರ್ಧ ಮಾಡುವುದು ನೆನಪಾಗುತ್ತಿತ್ತು.

ವಿಜಯಪುರದ ಗೋಳಗುಮ್ಮಟವನ್ನೇ ತೆಗೆದುಕೊಳ್ಳಿ. ಗುಮ್ಮಟದ ಒಳವ್ಯಾಸ ಸುಮಾರು 38 ಮೀಟರ್. ಒಂದು ಬದಿಯಲ್ಲಿ ನಿಂತು ಚಪ್ಪಾಳೆ ಹೊಡೆದರೆ ಸದ್ದು ಎದುರು ಗೋಡೆಗೆ ಹೋಗಿ ಬರಬೇಕು, 76 ಮೀಟರ್. ಶಬ್ದದ ವೇಗ ಸೆಕೆಂಡಿಗೆ 344 ಮೀಟರ್ ಅಂದುಕೊಂಡರೆ 0.22 ಸೆಕೆಂಡು. ಪ್ರತಿಧ್ವನಿ ಬಿಡಿಯಾಗಿ ಕೇಳಲು 0.1 ಸೆಕೆಂಡಿನ ಅಂತರ ಸಾಕು, ಹಾಗಾಗಿ ಅಲ್ಲಿ ಕೇಳುತ್ತದೆ. 8 ಮೀಟರಿನ ಕ್ಲಾಸ್‌ರೂಮಿನಲ್ಲಿ 0.05 ಸೆಕೆಂಡೂ ಆಗುವುದಿಲ್ಲ. ಮೇಷ್ಟ್ರ ಮಾತೂ ಅದರ ಪ್ರತಿಧ್ವನಿಯೂ ಕಿವಿಯಲ್ಲಿ ಬೆರೆತುಹೋಗುತ್ತವೆ.

ಈಗ ನೀವು ಮಾಡಿ

ಉತ್ತರ ಬಂದ ಮೇಲೆ ಅದನ್ನು ಒಮ್ಮೆ ದಿಟ್ಟಿಸಿ ನೋಡಿ. ಬಸ್ಸು ನಿಲ್ಲಿಸಲು 30 ನ್ಯೂಟನ್ ಸಾಕು ಅಂತ ಬಂದರೆ ನಗು ಬರಬೇಕು, ಅದು 3 ಕಿಲೋ ಟೊಮೆಟೊ ಚೀಲದ ತೂಕ. ನಗು ಬಂದರೆ ಯೂನಿಟ್ ತಿರುಗಿ ನೋಡಿ.

ಮೂರು ಲೆಕ್ಕ ಕೊಡುತ್ತೇನೆ. ಒಂದು: ಜನರೂ ಸೇರಿ 600 ಕಿಲೋಗ್ರಾಂ ಇರುವ ಆಟೋ ನಿಂತಲ್ಲಿಂದ ಹೊರಟು 8 ಸೆಕೆಂಡಿನಲ್ಲಿ ಗಂಟೆಗೆ 36 ಕಿಲೋಮೀಟರ್ ವೇಗಕ್ಕೆ ಬಂತು, ಬಲ ಎಷ್ಟು? ಎರಡು: ವಾಹನದ ಪೀನ ದರ್ಪಣದ ಸಂಗಮದೂರ 1.5 ಮೀಟರ್, ಹಿಂದಿನ ಸ್ಕೂಟರ್ 6 ಮೀಟರ್ ದೂರದಲ್ಲಿದೆ, ಪ್ರತಿಬಿಂಬ ಎಲ್ಲಿ, ಎಷ್ಟು ಚಿಕ್ಕದು? ಮೂರು: ಮಿಂಚು ಕಂಡ 6 ಸೆಕೆಂಡಿಗೆ ಗುಡುಗು ಕೇಳಿತು, ಶಬ್ದದ ವೇಗ ಸೆಕೆಂಡಿಗೆ 340 ಮೀಟರ್, ಮಿಂಚು ಎಷ್ಟು ದೂರದಲ್ಲಿ ಹೊಡೆಯಿತು?

ಮೊದಲನೆಯದು 750 ನ್ಯೂಟನ್, ಆಟೋ ಹೋಗುವ ಕಡೆಗೇ. ಎರಡನೆಯದರಲ್ಲಿ ಪ್ರತಿಬಿಂಬ ಕನ್ನಡಿಯ ಹಿಂದೆ 1.2 ಮೀಟರ್‌ನಲ್ಲಿ, ಗಾತ್ರ ಐದನೇ ಒಂದು ಭಾಗ. ಮೂರನೆಯದು 2,040 ಮೀಟರ್. ಅರ್ಧ ಮಾಡಿ 1,020 ಅಂತ ಬರೆದಿದ್ದರೆ ಬಾಣ ಹಾಕಿಲ್ಲ ಅಂತ ಅರ್ಥ. ಗುಡುಗು ಈ ಕಡೆ ಬಂತು ಅಷ್ಟೇ, ಹೋಗಿ ಬಂದಿಲ್ಲ.